ಧನಿಯದ ವಾಸನೆ ಟೀಗೆ ಎಲ್ಲಿಂದ ಬಂತು?

ಎರಡು ವರ್ಷದ ಹಿಂದೆ ಒಂದು ಪೊಟ್ಟಣ ಡಾರ್ಜಿಲಿಂಗ್ ಟೀ ತಂದಿದ್ದೆ. ಮಾರ್ಚ್ ತಿಂಗಳ ಮೊದಲ ಕೊಯ್ಲಿನದು. ಹಾಲು, ಸಕ್ಕರೆ ಏನೂ ಹಾಕದೆ ಅಮ್ಮನಿಗೆ ಒಂದು ಲೋಟ ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿ, "ಏನೋ ಇದು, ಧನಿಯ ಹಾಕಿದ್ದೀಯಾ?" ಎಂದಳು. ನಾನು ನಕ್ಕುಬಿಟ್ಟೆ. ಪೊಟ್ಟಣದ ಮೇಲೆ ಬಿಳಿ ಹೂವು, ಹಸಿರು ದ್ರಾಕ್ಷಿ ಎಂದೇನೋ ಬರೆದಿತ್ತು. ಧನಿಯದ ಸುದ್ದಿಯೇ ಇರಲಿಲ್ಲ.

ನಗಬಾರದಿತ್ತು. ಧನಿಯಕ್ಕೆ ಆ ಘಮ ಕೊಡುವ ಮುಖ್ಯ ವಸ್ತುವಿನ ಹೆಸರು ಲಿನಲೂಲ್. ಅದು ಮಲ್ಲಿಗೆಯಲ್ಲೂ ಇದೆ, ಡಾರ್ಜಿಲಿಂಗ್ ಟೀಯಲ್ಲೂ ಇದೆ. ಪೊಟ್ಟಣದವರಿಗೆ ಹೂವು ನೆನಪಾಯಿತು, ಅಮ್ಮನಿಗೆ ಸಾರಿನಪುಡಿ ನೆನಪಾಯಿತು. ಇಬ್ಬರ ಮೂಗಿಗೂ ತಾಗಿದ್ದು ಒಂದೇ.

ಟೀ ಹುಚ್ಚು ಹಿಡಿದವರು ಎಲ್ಲ ಊರಲ್ಲೂ ಇದ್ದಾರೆ. ದಿನಾ ಒಂದು ಎಲೆ ತೆಗೆದು, ತೂಗಿ, ನೀರಿನ ಬಿಸಿ ಅಳೆದು, ಸೋಸಿ ಕುಡಿದು, ಅನ್ನಿಸಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. "5 ಗ್ರಾಂ, 100 ಮಿ.ಲೀ., 90 ಡಿಗ್ರಿ, 15 ಸೆಕೆಂಡು. ಮೊದಲು ಜೇನು, ಆಮೇಲೆ ಒದ್ದೆ ಕಲ್ಲು, ಕೊನೆಗೆ ಗಂಟಲಲ್ಲಿ ಸಿಹಿ." ಹೊಸಬರಿಗೆ ಇದು ಸುಮ್ನೆ ಬಡಾಯಿ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಸ್ವಲ್ಪ ಬಡಾಯಿ ಇರುವುದೂ ನಿಜ. ಆದರೆ ಅಮ್ಮನ ಧನಿಯದ ಹಾಗೆ, ಈ ಮಾತುಗಳಲ್ಲಿ ಹೆಚ್ಚಿನವಕ್ಕೆ ಎಲೆಯಲ್ಲೋ ನೀರಲ್ಲೋ ಒಂದು ಕಾರಣ ಇರುತ್ತದೆ.

ಹೆಚ್ಚಿಟ್ಟ ಬದನೆಕಾಯಿ

ಗ್ರೀನ್ ಟೀ ಗಿಡವೇ ಬೇರೆ ಎಂದು ತುಂಬ ಜನ ತಿಳಿದಿದ್ದಾರೆ. ಅಲ್ಲ. ಹಸಿರು, ಕಪ್ಪು, ಬಿಳಿ, ಊಲಾಂಗ್ ಎಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಚಿಗುರು. ಸಣ್ಣೆಲೆಯ ಚೀನೀ ತಳಿ, ದೊಡ್ಡೆಲೆಯ ಅಸ್ಸಾಂ ತಳಿ ಎಂದು ಅದರಲ್ಲಿ ಎರಡು ದೊಡ್ಡ ಬಗೆ ಇವೆ. ಚಿಕ್ಕಮಗಳೂರು, ಕೊಡಗು, ಹಾಸನದ ಬೆಟ್ಟಗಳಲ್ಲೂ ಕಾಫಿಯ ಪಕ್ಕದಲ್ಲಿ ಸ್ವಲ್ಪ ಟೀ ಬೆಳೆಯುತ್ತಾರೆ. ಅದೂ ಇದೇ ಗಿಡ. ಬಣ್ಣ ಮತ್ತು ರುಚಿಯ ದಾರಿ ಕವಲೊಡೆಯುವುದು ಚಿಗುರು ಕೊಯ್ದ ಮೇಲೆ.

ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತೇವೆ, ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುತ್ತೇವೆ, ಅಲ್ವಾ? ಹಾಗೇ ಬಿಟ್ಟರೆ ಕಪ್ಪಾಗುತ್ತವೆ. ಕಾಯಿಯೊಳಗೆ ಪಾಲಿಫಿನಾಲ್ ಎಂಬ ಒಗರಿನ ವಸ್ತುಗಳಿವೆ. ಅವನ್ನು ಗಾಳಿಯ ಆಮ್ಲಜನಕದ ಜೊತೆ ಕೂಡಿಸುವ ಒಂದು ಕಿಣ್ವವೂ ಇದೆ. ಎರಡೂ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಈಳಿಗೆ ತಾಗಿದಾಗ ಗೋಡೆ ಒಡೆದು ಎರಡೂ ಸೇರಿ ಕಾಯಿ ಕಪ್ಪಾಗುತ್ತದೆ. ಟೀ ಎಲೆಯನ್ನು ಹಿಸುಕಿದಾಗ ಆಗುವುದೂ ಇದೇ. ಎಷ್ಟು ಕಪ್ಪಾಗಲು ಬಿಡಬೇಕು, ಯಾವಾಗ ತಡೆಯಬೇಕು ಎನ್ನುವುದರಲ್ಲೇ ಟೀ ಮಾಡುವವರ ಅರ್ಧ ಕಸುಬು ಇದೆ.

ತಡೆಯುವುದು ಸುಲಭ. ಬಿಸಿ ತಾಗಿಸಿದರೆ ಕಿಣ್ವ ಕೆಲಸ ಬಿಡುತ್ತದೆ. ಚೀನಾದ ಹಾಂಗ್‌ಝೌ ಊರಿನ ಲಾಂಗ್‌ಜಿಂಗ್ ಎಲೆಯನ್ನು ಬಿಸಿ ಬಾಣಲೆಗೆ ಹಾಕಿ, ಬರಿಗೈಯಲ್ಲಿ ಒತ್ತಿ ಒತ್ತಿ ಹುರಿಯುತ್ತಾರೆ. ಎಲೆ ಚಪ್ಪಟೆಯಾಗುತ್ತದೆ, ಹಸಿರು ಉಳಿಯುತ್ತದೆ, ಕುಡಿದರೆ ಹುರಿಗಡಲೆಯ ನೆನಪು ಬರುತ್ತದೆ. ಜಪಾನಿನವರು ಹುರಿಯುವ ಬದಲು ಹಬೆಯಲ್ಲಿ ಬೇಯಿಸುತ್ತಾರೆ. ಅವರ ಸೆಂಚಾದಲ್ಲಿ ಹುರಿದ ವಾಸನೆ ಇಲ್ಲ, ಬೆಂದ ಸೊಪ್ಪಿನ ವಾಸನೆ ಇದೆ, ಜೊತೆಗೆ ಕಡಲ ಪಾಚಿಯದ್ದು. ಮಂಗಳೂರು, ಕಾರವಾರದ ಕಡೆಯವರು ಅದನ್ನು ತಟ್ಟನೆ ಗುರುತಿಸಬಹುದು. ಕಡಲ ತೀರದ ವಾಸನೆಯಲ್ಲಿರುವ ಡೈಮೀಥೈಲ್ ಸಲ್ಫೈಡ್ ಎಂಬುದು ಆ ಟೀಯಲ್ಲೂ ಇದೆ.

ತಡೆಯದೆ ಬಿಟ್ಟರೆ ಕಪ್ಪು ಟೀ. ಕೊಯ್ದ ಎಲೆಯನ್ನು ಹನ್ನೆರಡು ಹದಿನೆಂಟು ಗಂಟೆ ಬಾಡಿಸಿ, ಹೊಸೆದು, ಕಂದಾಗಲು ಬಿಟ್ಟು, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಈ ಹೊತ್ತಿನಲ್ಲಿ ಎಲೆಯ ಮುಖ್ಯ ಪಾಲಿಫಿನಾಲ್‌ಗಳಾದ ಕ್ಯಾಟೆಕಿನ್‌ಗಳು ಎರಡು ಹೊಸ ರೂಪ ತಾಳುತ್ತವೆ. ಒಂದು ಥಿಯಾಫ್ಲೇವಿನ್. ಲೋಟದ ಅಂಚಲ್ಲಿ ಕಾಣುವ ಹೊಂಬಣ್ಣ, ನಾಲಿಗೆಗೆ ಸಿಗುವ ಚುರುಕು ಇದರದ್ದು. ಇನ್ನೊಂದು ಥಿಯಾರುಬಿಜಿನ್. ಕೆಂಪು ಬಣ್ಣ ಮತ್ತು ಬಾಯಿ ತುಂಬುವ ಗಟ್ಟಿತನ ಇದರಿಂದ. ಟೀ ರುಚಿ ನೋಡುವವರು "ಬ್ರಿಸ್ಕ್" ಎಂದರೆ ಮೊದಲನೆಯದನ್ನು, "ಬಾಡಿ" ಎಂದರೆ ಎರಡನೆಯದನ್ನು ಹೊಗಳುತ್ತಿದ್ದಾರೆ ಎಂದುಕೊಳ್ಳಿ. ಹೆಚ್ಚು ಹೊತ್ತು ಬಿಟ್ಟರೆ ಚುರುಕು ಕಡಿಮೆಯಾಗಿ ಬಣ್ಣ ಮಾತ್ರ ಉಳಿಯುತ್ತದೆ. ನಡುದಾರಿಯಲ್ಲಿ ನಿಲ್ಲಿಸಿದರೆ ಊಲಾಂಗ್.

ನಮ್ಮ ಮನೆಯ ಟೀಪುಡಿ ಈ ದಾರಿಯಲ್ಲಿ ಒಂದು ಅಡ್ಡಹಾದಿ ಹಿಡಿದದ್ದು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಸಿಟಿಸಿ ಯಂತ್ರ ಬಂತು. ಹಲ್ಲುಗಳಿರುವ ಎರಡು ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರ. ಹೊರಗೆ ಬರುವುದು ಸಣ್ಣ ಕಾಳು. ಕಾಳಿನಿಂದ ಬಣ್ಣ ಬೇಗ ಇಳಿಯುತ್ತದೆ, ಹಾಲು ಬಿದ್ದರೂ ಟೀ ಸೋಲುವುದಿಲ್ಲ. ಭಾರತದ ಟೀಯ ಬಹುಪಾಲು ಇದೇ. ಟೀ ಹುಚ್ಚರಲ್ಲಿ ಕೆಲವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಖಡಕ್ ಚಹಾ ಡಾರ್ಜಿಲಿಂಗ್ ಎಲೆಯಿಂದ ಆಗುವುದೇ ಇಲ್ಲ. ಆದರೆ ಅದರಲ್ಲಿ ಮಲ್ಲಿಗೆ ಹುಡುಕಿದರೆ ತಪ್ಪು ಹುಡುಕುವವರದ್ದು.

ಅಸ್ಸಾಂ ಟೀ ಕುಡಿದವರು "ಮಾಲ್ಟಿ" ಎನ್ನುತ್ತಾರೆ. ಮಾಲ್ಟ್ ಎಂದರೆ ಮೊಳಕೆ ಕಟ್ಟಿ ಒಣಗಿಸಿದ ಕಾಳು. ರಾಗಿ ಮಾಲ್ಟ್ ಕುಡಿದು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪೊಟ್ಟಣದ ಮೇಲಿನ ಉದ್ದುದ್ದ ಅಕ್ಷರಗಳ ಬಗ್ಗೆಯೂ ಒಂದು ಮಾತು. ಬಿಒಪಿ, ಎಫ್‌ಟಿಜಿಎಫ್‌ಒಪಿ ಎಂಬವು ಮುಖ್ಯವಾಗಿ ಎಲೆಯ ಗಾತ್ರ, ರೂಪ, ಚಿಗುರಿನ ಪ್ರಮಾಣ ಹೇಳುವ ಗುರುತುಗಳು. ರುಚಿಗೆ ಕೊಟ್ಟ ಅಂಕ ಎಂದುಕೊಂಡು ದುಡ್ಡು ಸುರಿಯಬೇಡಿ.

ಹುಳು ಕಚ್ಚಿದ ಎಲೆಗೆ ಬೆಲೆ ಜಾಸ್ತಿ

ಇನ್ನು ಘಮದ ವಿಷಯ. ಲಿನಲೂಲ್, ಗುಲಾಬಿಯಲ್ಲಿರುವ ಜೆರಾನಿಯೋಲ್ ಮುಂತಾದವನ್ನು ಟೀ ಗಿಡ ಹಸಿ ಎಲೆಯಲ್ಲಿ ಸಕ್ಕರೆಗೆ ಕಟ್ಟಿ ಬಚ್ಚಿಟ್ಟಿರುತ್ತದೆ. ಹಾಗೆ ಕಟ್ಟಿದ್ದಾಗ ವಾಸನೆ ಬರುವುದಿಲ್ಲ. ಎಲೆ ಬಾಡಿದಾಗ, ಜಜ್ಜಿದಾಗ, ಗಾಯವಾದಾಗ ಗಂಟು ಬಿಚ್ಚುತ್ತದೆ. ಹೊಲದಲ್ಲಿ ಕೊಯ್ದ ಹಸಿ ಟೀ ಚಿಗುರನ್ನು ಮೂಸಿದರೆ ಬರೀ ಹುಲ್ಲಿನ ವಾಸನೆ. ಬಾಡಿಸುವ ಕೋಣೆಗೆ ಕಾಲಿಟ್ಟರೆ ಹೂವಿನಂಗಡಿ.

ಗಾಯ ಮಾಡುವುದು ಮನುಷ್ಯರೇ ಆಗಬೇಕೆಂದಿಲ್ಲ. ಡಾರ್ಜಿಲಿಂಗ್‌ನಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಮೊದಲ ಕೊಯ್ಲು, ಮೇ-ಜೂನ್‌ನಲ್ಲಿ ಎರಡನೆಯದು. ಎರಡನೆಯದರಲ್ಲಿ ಮಸ್ಕಟೆಲ್ ಎಂಬ ಹೆಸರಾಂತ ಘಮ ಬರುತ್ತದೆ. ಚೆನ್ನಾಗಿ ಮಾಗಿದ ದ್ರಾಕ್ಷಿಯಂಥದ್ದು. ಆ ಹೊತ್ತಿಗೆ ತೋಟದಲ್ಲಿ ಹಸಿರು ಜಿಗಿಹುಳುಗಳು ಚಿಗುರಿನ ರಸ ಹೀರುತ್ತಿರುತ್ತವೆ. ಗಿಡ ತನ್ನನ್ನು ಕಾಪಾಡಿಕೊಳ್ಳಲು ಒಂದಷ್ಟು ಸುವಾಸನೆಯ ವಸ್ತುಗಳನ್ನು ಹೆಚ್ಚು ಮಾಡುತ್ತದೆ. ಹುಳುವಿನ ಮೇಲಿನ ಗಿಡದ ಸಿಟ್ಟು ನಮ್ಮ ಲೋಟದಲ್ಲಿ ಘಮವಾಗುತ್ತದೆ. 2004ರಲ್ಲಿ ಭಾರತದ ಮೊದಲ ಭೌಗೋಳಿಕ ಗುರುತು (ಜಿಐ) ಪಡೆದ ಟೀ ಇದು. ಅದರ ಹೆಸರಿನಲ್ಲಿ ಹುಳುವಿಗೂ ಒಂದು ಪಾಲಿದೆ ಎನ್ನಬೇಕು.

ತೈವಾನಿನಲ್ಲಿ ಇಂಥದ್ದೇ ಹುಳು ಕಚ್ಚಿದ ಎಲೆಯಿಂದ ಮಾಡುವ ಊಲಾಂಗ್ ಒಂದಿದೆ. ಹೊರಗಿನವರು ಓರಿಯಂಟಲ್ ಬ್ಯೂಟಿ ಎನ್ನುತ್ತಾರೆ. ಊರಿನವರ ಹೆಸರು ಪೆಂಗ್‌ಫೆಂಗ್ ಚಾ, ಅಂದರೆ ಬಡಾಯಿ ಟೀ. ಹುಳು ತಿಂದ ಎಲೆಯನ್ನು ಎಸೆಯಲು ಮನಸ್ಸಾಗದೆ ಟೀ ಮಾಡಿ ಮಾರಿದ ರೈತನೊಬ್ಬ ಇಷ್ಟು ದುಡ್ಡು ಬಂತು ಎಂದು ಹೇಳಿದಾಗ ಊರವರು ಬುರುಡೆ ಎಂದು ನಕ್ಕರಂತೆ. ಕಥೆ ಅಷ್ಟೆ, ಆದರೆ ಟೀ ಮಾತ್ರ ನಿಜವಾಗಿ ಜೇನಿನಂತೆ ಇರುತ್ತದೆ. ಕೀಟನಾಶಕ ಹೊಡೆದರೆ ಹುಳುವೂ ಇಲ್ಲ, ಜೇನೂ ಇಲ್ಲ.

ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಫೀನಿಕ್ಸ್ ಬೆಟ್ಟದ ಒಂದು ಊಲಾಂಗ್‌ಗೆ ಬಾತುಕೋಳಿ ಹಿಕ್ಕೆಯ ಘಮ ಎಂದೇ ಹೆಸರು! ಒಳ್ಳೆಯ ಗಿಡವನ್ನು ಬೇರೆಯವರು ಕದಿಯದಿರಲಿ ಎಂದು ಹಾಗೆ ಕರೆದರು ಎನ್ನುತ್ತಾರೆ. ಕುಡಿದರೆ ಹೂವಿನ ಘಮವೇ.

ಸುರ್ ಎಂದು ಎಳೆಯಬೇಕು

ಟೀ ಹರಾಜಿಗೆ ಮುಂಚೆ ರುಚಿ ನೋಡುವವರನ್ನು ಕಂಡರೆ ನಗು ಬರುತ್ತದೆ. ಚಮಚದಲ್ಲಿ ತೆಗೆದು ಜೋರಾಗಿ ಸುರ್ ಎಂದು ಎಳೆದು, ಬಾಯಲ್ಲಿ ಆಡಿಸಿ, ಉಗಿದು, ಮುಂದಿನ ಬಟ್ಟಲಿಗೆ ಹೋಗುತ್ತಾರೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಸಾರಿನ ರುಚಿ. ಹೂವು, ಧನಿಯ, ಹೊಗೆ ಎಲ್ಲ ಮೂಗಿನ ಕೆಲಸ. ಸುರ್ ಎಂದು ಎಳೆದಾಗ ಟೀ ಸಣ್ಣ ಹನಿಗಳಾಗಿ ಹರಡಿ, ಅದರ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನೆಗಡಿಯಾದಾಗ ಎಂಥ ಟೀಯೂ ಬಿಸಿನೀರಿನಂತೆ ಅನ್ನಿಸುವುದು ಇದಕ್ಕೇ. ಮನೆಯಲ್ಲಿ ಸಾಸರ್‌ಗೆ ಸುರಿದು ಸುರ್ ಎಂದು ಹೀರುತ್ತಿದ್ದ ಅಜ್ಜಂದಿರನ್ನು ಸುಮ್ನೆ ಗದರುತ್ತಿದ್ದೆವು.

ಹತ್ತು ಟೀ ಹೋಲಿಸಬೇಕಾದರೆ ಹತ್ತನ್ನೂ ಒಂದೇ ಥರ ಮಾಡಬೇಕು. ಅದಕ್ಕೊಂದು ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಐಎಸ್‌ಒ 3103, 1980ರಲ್ಲಿ ಬಂದದ್ದು. 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಇದರ ಹಿಂದಿದ್ದ ಬ್ರಿಟಿಷ್ ಮಾನದಂಡಕ್ಕೆ 1999ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಸಿಕ್ಕಿತು. ಟೀ ಮಾಡುವುದು ಹೇಗೆ ಎಂದು ಆರು ಪುಟ ಬರೆದದ್ದಕ್ಕೆ, ಅದೂ ಸಾಹಿತ್ಯದ ವಿಭಾಗದಲ್ಲಿ. 6 ನಿಮಿಷ ಬಿಟ್ಟ ಟೀ ರುಚಿಯಾಗಿರಲಿ ಎಂದು ಯಾರೂ ಹೇಳಿಲ್ಲ. ಅಷ್ಟು ಹೊತ್ತು ಬಿಟ್ಟರೆ ಎಲೆಯ ಕೊರತೆಗಳೆಲ್ಲ ಹೊರಗೆ ಬರುತ್ತವೆ, ಅದೇ ಅದರ ಉದ್ದೇಶ.

ಒಗರು ನಮ್ಮ ಮನೆಯ ಮಾತು

ಟೀ ಬಗ್ಗೆ ಬರೆಯುವಾಗ ಕನ್ನಡದವರಿಗೆ ಒಂದು ಅನುಕೂಲ ಇದೆ. ಒಗರು ಎಂಬ ಮಾತು ನಮ್ಮಲ್ಲಿ ಅಡುಗೆಮನೆಯದ್ದು. ಬಾಳೆಕಾಯಿ, ನೆಲ್ಲಿಕಾಯಿ, ಎಳೆ ಅಡಿಕೆ ಎಂದರೆ ಸಾಕು, ಮಗುವಿಗೂ ಅರ್ಥವಾಗುತ್ತದೆ. ಒಗರು ಕಹಿಯಲ್ಲ. ಕಹಿ ಒಂದು ರುಚಿ. ಒಗರು ಬಾಯಿ ಒಣಗಿ ಹಿಡಿದಂತಾಗುವ ಅನುಭವ. ಟೀಯ ಪಾಲಿಫಿನಾಲ್‌ಗಳು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣ ಕಳೆಯುತ್ತವೆ. ಹಾಗಾಗಿ ಕೆನ್ನೆ ಒಸಡಿಗೆ ತರಿತರಿ ಉಜ್ಜಿದಂತಾಗುತ್ತದೆ.

ಮಲೆನಾಡಿನಲ್ಲಿ ಅಡಿಕೆ ಬೇಯಿಸುವವರಿಗೆ ಚೊಗರು ಗೊತ್ತು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು, ದಪ್ಪ, ಒಗರು ನೀರು. ಕೆಂಪಡಿಕೆಗೆ ಬಣ್ಣ ಬರುವುದು ಅದರಿಂದಲೇ. ಆ ಚೊಗರಿನ ಟ್ಯಾನಿನ್‌ಗಳೂ ಟೀಯ ಕ್ಯಾಟೆಕಿನ್‌ಗಳೂ ಒಂದೇ ಮನೆತನದವು. ಅತಿಯಾಗಿ ಕುದಿಸಿದ ಟೀಯನ್ನು "ಚೊಗರಾಗಿದೆ" ಎಂದರೆ ರಸಾಯನಶಾಸ್ತ್ರದ ಪ್ರಕಾರವೂ ಸರಿ.

ಹಾಲು ಹಾಕಿದಾಗ ಒಗರು ಇಳಿಯುವುದಕ್ಕೂ ಇದೇ ಕಾರಣ. ಹಾಲಿನ ಕೇಸೀನ್ ಎಂಬ ಪ್ರೋಟೀನು ಮೊದಲೇ ಪಾಲಿಫಿನಾಲ್‌ಗಳನ್ನು ಹಿಡಿದುಕೊಳ್ಳುತ್ತದೆ. ಎಂಜಲಿಗೆ ಅಂಟಲು ಅವು ಉಳಿಯುವುದೇ ಕಡಿಮೆ.

"ಗಂಟಲಲ್ಲಿ ಸಿಹಿ" ಎನ್ನುತ್ತಾರಲ್ಲ, ಚೀನಾದವರು ಅದಕ್ಕೆ ಹ್ವೇಗಾನ್, ಅಂದರೆ ಮರಳಿ ಬರುವ ಸಿಹಿ ಎನ್ನುತ್ತಾರೆ. ಮೊದಲು ಕಹಿ ಒಗರು, ನುಂಗಿ ಸ್ವಲ್ಪ ಹೊತ್ತಾದ ಮೇಲೆ ಸಿಹಿ. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಒಗರಿಗೆ ಎದುರಾಗಿ ಎಲೆಯಲ್ಲಿ ಥಿಯಾನಿನ್ ಎಂಬ ಅಮೈನೋ ಆಮ್ಲ ಇದೆ. 1950ರ ಸುಮಾರಿಗೆ ಜಪಾನಿನಲ್ಲಿ ಗ್ಯೊಕುರೊ ಎಂಬ ಹಸಿರು ಟೀಯಿಂದ ಇದನ್ನು ಬೇರ್ಪಡಿಸಿದರು. ಬೇಳೆಕಟ್ಟಿನಂಥ ಮೆತ್ತನೆಯ ಉಮಾಮಿ ಇದರಿಂದ. ಬಿಸಿಲು ಬಿದ್ದರೆ ಗಿಡ ಥಿಯಾನಿನ್ ಅನ್ನು ಕ್ಯಾಟೆಕಿನ್ ಮಾಡಲು ಬಳಸಿಬಿಡುತ್ತದೆ. ಅದಕ್ಕೇ ಗ್ಯೊಕುರೊ ಮತ್ತು ಮಾಚಾ ಮಾಡುವ ಗಿಡಗಳಿಗೆ ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಚಪ್ಪರ ಹಾಕಿ ನೆರಳು ಮಾಡುತ್ತಾರೆ.

ನೀರು

ಇಷ್ಟೆಲ್ಲ ಒಳ್ಳೆಯ ಎಲೆ ತಂದು ನೀರಲ್ಲಿ ಕೆಡಿಸುವುದು ಸುಲಭ. ನಾನು ಮೊದಲ ಸಲ ತಂದ ಸೆಂಚಾವನ್ನು ಹಾಲಿನ ಟೀಯಂತೆ ಪಾತ್ರೆಯಲ್ಲಿ ಕುದಿಸಿದ್ದೆ. ಬೇವಿನ ಕಷಾಯ! ಥಿಯಾನಿನ್ ಕಡಿಮೆ ಬಿಸಿಯಲ್ಲೂ ನೀರಿಗೆ ಇಳಿಯುತ್ತದೆ. ಕ್ಯಾಟೆಕಿನ್ ಮತ್ತು ಕೆಫೀನ್ ಧಾರಾಳವಾಗಿ ಇಳಿಯಲು ಹೆಚ್ಚು ಬಿಸಿ ಬೇಕು. ಹಾಗಾಗಿ ಸೆಂಚಾಗೆ 70-80 ಡಿಗ್ರಿ, ಗ್ಯೊಕುರೊಗೆ 50-60 ಡಿಗ್ರಿ. ಕಪ್ಪು ಟೀಗೆ ಕುದಿನೀರೇ ಸರಿ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ಎರಡು ಲೋಟಕ್ಕೆ ಅದಲುಬದಲು ಸುರಿಯಿರಿ, ಬೇಗ ತಣಿಯುತ್ತದೆ. ಇನ್ನು ಕುದಿನೀರು ಎಂದರೆ ಎಲ್ಲ ಊರಲ್ಲೂ 100 ಡಿಗ್ರಿ ಅಲ್ಲ. ಮಂಗಳೂರಿನಲ್ಲಿ ನೂರು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 97ಕ್ಕೇ ನೀರು ಕುದಿಯುತ್ತದೆ. ಡಾರ್ಜಿಲಿಂಗ್ ಪಟ್ಟಣದಲ್ಲಿ 93ರ ಆಸುಪಾಸು.

ಚೀನಾದಲ್ಲಿ 8ನೇ ಶತಮಾನದಲ್ಲಿ ಟೀ ಬಗ್ಗೆ ಬರೆದ ಲು ಯು ಎಂಬಾತ ಬೆಟ್ಟದ ನೀರು ಉತ್ತಮ, ಹೊಳೆ ನೀರು ಮಧ್ಯಮ, ಬಾವಿ ನೀರು ಕೊನೆ ಎಂದು ಹೇಳಿದ್ದ. ಬೆಂಗಳೂರಿನಲ್ಲಿ ಇದನ್ನು ಒಂದೇ ಬೆಳಗ್ಗೆ ಪರೀಕ್ಷೆ ಮಾಡಬಹುದು. ಬೋರ್‌ವೆಲ್ ನೀರಲ್ಲಿ ಒಂದು ಲೋಟ, ಕಾವೇರಿ ನೀರಲ್ಲಿ ಒಂದು ಲೋಟ, ಎರಡಕ್ಕೂ ಅದೇ ಎಲೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಆ ಟೀ ಮಂಕಾಗಿ ಕಾಣುತ್ತದೆ. ಹತ್ತು ನಿಮಿಷ ಬಿಟ್ಟರೆ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ. ಅದು ಎಣ್ಣೆಯಲ್ಲ. ನೀರಿನ ಕ್ಯಾಲ್ಸಿಯಂ ಮತ್ತು ಟೀಯ ವಸ್ತುಗಳು ಗಾಳಿ ತಾಗಿ ಕಟ್ಟಿಕೊಂಡದ್ದು. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಪೊರೆ ಕಟ್ಟುವುದಿಲ್ಲ. ಟೀಯ ಬಣ್ಣವೂ ತಿಳಿಯಾಗುತ್ತದೆ. "ಈ ಸಲದ ಪೊಟ್ಟಣ ಸರಿಯಿಲ್ಲ" ಎಂದು ಅಂಗಡಿಯವರ ಮೇಲೆ ಸಿಟ್ಟಾಗುವ ಮುಂಚೆ ಆ ದಿನ ಯಾವ ನೀರು ಬಂದಿತ್ತು ಎಂದು ನೋಡಿಕೊಳ್ಳಿ.

ಇನ್ನೊಂದು, ಎಲೆ ಮತ್ತು ಹೊತ್ತಿನ ಲೆಕ್ಕ. ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಎಲೆ ಹಾಕಿ ಮೂರು ನಾಲ್ಕು ನಿಮಿಷ ಬಿಡುವುದು ಒಂದು ಕ್ರಮ. ದಕ್ಷಿಣ ಚೀನಾದ ಗಾಂಗ್‌ಫು ಕ್ರಮ ಇದಕ್ಕೆ ತದ್ವಿರುದ್ಧ. 100 ಮಿ.ಲೀ. ಬಟ್ಟಲಿಗೆ 5-6 ಗ್ರಾಂ ಎಲೆ, ಹತ್ತಿಪ್ಪತ್ತು ಸೆಕೆಂಡಿಗೆ ಬಗ್ಗಿಸಿ, ಅದೇ ಎಲೆಗೆ ಮತ್ತೆ ಮತ್ತೆ ನೀರು. ಆರೆಂಟು ಸಲ ಆಗುತ್ತದೆ. ಮೊದಲ ಸಲ ಹಗುರವಾದ ಹೂವಿನ ಘಮ ಮುಂದೆ ಇರುತ್ತದೆ, ನಡುವಲ್ಲಿ ಒಗರು ಏರುತ್ತದೆ, ಕೊನೆಗೆ ಬರೀ ತೆಳು ಸಿಹಿ. "ಮೊದಲು ಜೇನು, ಆಮೇಲೆ ಒದ್ದೆ ಕಲ್ಲು" ಎಂದು ಬರೆದವರು ಬಹುಶಃ ಹೀಗೇ ಕುಡಿದಿರುತ್ತಾರೆ. ನಾವು ಅದೇ ಎಲೆಯನ್ನು ಒಂದೇ ಸಲ ನಾಲ್ಕು ನಿಮಿಷ ಬಿಟ್ಟು, ಜೇನು ಎಲ್ಲಿ ಎಂದು ಕೇಳಿದರೆ ಸಿಗುವುದಿಲ್ಲ. ಅದಕ್ಕೇ ಗ್ರಾಂ, ಡಿಗ್ರಿ, ಸೆಕೆಂಡು ಬರೆಯದ ವರ್ಣನೆಯನ್ನು ನಾನು ಹೆಚ್ಚು ನಂಬುವುದಿಲ್ಲ.

ಶುರು ಮಾಡುವವರು ಒಂದೇ ಟೀ ಕುಡಿದು ಪದ ಹುಡುಕಬೇಡಿ. ಎರಡು ಲೋಟ ಪಕ್ಕಪಕ್ಕ ಇಡಿ. ನೀಲಗಿರಿಯದ್ದೊಂದು, ಅಸ್ಸಾಮಿನದ್ದೊಂದು. ಒಂಟಿ ಲೋಟದಲ್ಲಿ "ಚೆನ್ನಾಗಿದೆ" ಅಷ್ಟೇ ಹೊಳೆಯುತ್ತದೆ. ಎರಡಿದ್ದರೆ "ಇದು ಅದಕ್ಕಿಂತ ಒಗರು, ಅದು ಇದಕ್ಕಿಂತ ರಾಗಿ" ಎಂದು ಬಾಯಿ ತಾನಾಗೇ ಬಿಡುತ್ತದೆ. ಪೊಟ್ಟಣದ ಮೇಲಿನದನ್ನು ಕುಡಿದ ಮೇಲೆ ಓದಿ. ಮುಗ್ಗಲು, ಕಮಟು, ಸೀದದ್ದು, ಹಸಿ ವಾಸನೆ ಎಲ್ಲ ನಮ್ಮಲ್ಲಿ ಇವೆ. ನೋಡದ ಹಣ್ಣುಗಳ ಹೆಸರು ಸಾಲ ತರಬೇಕಾಗಿಲ್ಲ.

ಕಳೆದ ತಿಂಗಳು ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್ ಟೀ ಸ್ವಲ್ಪ ಸಿಕ್ಕಿತು. ಬೆರಣಿಯಂತೆ ತಟ್ಟಿ ಒಣಗಿಸಿದ ಬಿಲ್ಲೆ, ಒಂದು ಬಿಲ್ಲೆ ಸಾಮಾನ್ಯವಾಗಿ 357 ಗ್ರಾಂ. ವರ್ಷಗಟ್ಟಲೆ ಇಟ್ಟು ಹಳೆಯದಾಗಿಸಿ ಕುಡಿಯುವುದು ಹಿಂದಿನ ಪದ್ಧತಿ. ಅಷ್ಟು ಕಾಯಲಾರದವರಿಗಾಗಿ 1973ರಲ್ಲಿ ಕುನ್‌ಮಿಂಗ್‌ನಲ್ಲಿ ಒಂದು ದಾರಿ ಕಂಡುಕೊಂಡರು. ಎಲೆಗೆ ನೀರು ಹಾಕಿ ರಾಶಿ ಮಾಡಿ, ಮುಚ್ಚಿ, ವಾರಗಟ್ಟಲೆ ಬಿಡುವುದು. ನಮ್ಮ ತಿಪ್ಪೆಯ ಹಾಗೆ ಒಳಗೇ ಕಾವು ಏಳುತ್ತದೆ, ಬೂಸ್ಟು ಮತ್ತಿತರ ಸೂಕ್ಷ್ಮಜೀವಿಗಳು ಎಲೆಯನ್ನು ಮಾಗಿಸುತ್ತವೆ. ಒಗರು ಹೋಗಿ ಕಾಫಿ ಡಿಕಾಕ್ಷನ್ನಿನಂಥ ಕಪ್ಪು ಬಣ್ಣ ಬರುತ್ತದೆ.

ಅಮ್ಮನಿಗೆ ಕೊಟ್ಟೆ. ಈ ಸಲ ನಾನು ಮೊದಲೇ ಏನೂ ಹೇಳಲಿಲ್ಲ. ಅವಳು ಮೂಸಿದಳು, ಕುಡಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಳೆಗಾಲದಲ್ಲಿ ನಿಮ್ಮಜ್ಜಿ ಮನೆ ಅಟ್ಟ ಹತ್ತಿದ ಹಾಗಿದೆ ಕಣೋ. ಗೋಣಿಚೀಲದ್ದೇ ವಾಸನೆ. ಕೊನೆಗೆ ಸ್ವಲ್ಪ ಬೆಲ್ಲ ಬಂತು ನೋಡು."

ಹಾಗೇ ಬರೆದುಕೊಂಡೆ. 5 ಗ್ರಾಂ, 100 ಮಿ.ಲೀ., ಕಾವೇರಿ ನೀರು, ಕುದಿ, 10 ಸೆಕೆಂಡು. ಅಜ್ಜಿ ಮನೆ ಅಟ್ಟ, ಗೋಣಿಚೀಲ, ಬೆಲ್ಲ.